ಒಂದೇ ಬೆಂಕಿ, ಎರಡು ಶಿಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ ಒಂದೇ ತೀರ್ಪಿನಲ್ಲಿ 101 ಜನರಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ, ಉಳಿದ ಮೂವರಿಗೆ ಐದು ವರ್ಷ. ಗಂಗಾವತಿ ತಾಲ್ಲೂಕಿನ ಮರಕುಂಬಿ ಪ್ರಕರಣ ಅದು. 2014ರ ಆಗಸ್ಟಿನಲ್ಲಿ ದಲಿತರ ಕೇರಿಗೆ ನುಗ್ಗಿ, ಹೊಡೆದು, ಗುಡಿಸಲಿಗೆ ಬೆಂಕಿ ಹಚ್ಚಿದ್ದರು. ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ಶುರುವಾದ ಜಗಳ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಟಾಕೀಸಿನ ಜಗಳಕ್ಕೆ ಒಂದು ಕೇರಿಯನ್ನೇ ಯಾರು ಸುಡುತ್ತಾರೆ? ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳುವ ವಿಷಯಕ್ಕೆ ಆ ಊರಲ್ಲಿ ಮೊದಲೇ ಹೊಗೆಯಾಡುತ್ತಿತ್ತು.

ಆ ಮೂವರಿಗೆ ಮಾತ್ರ ಯಾಕೆ ಕಮ್ಮಿ ಶಿಕ್ಷೆ? ಯಾಕೆಂದರೆ ಅವರೂ ಪರಿಶಿಷ್ಟರೇ. 1989ರ ದೌರ್ಜನ್ಯ ತಡೆ ಕಾಯ್ದೆ, ಅಂದರೆ ನಾವೆಲ್ಲ 'ಅಟ್ರಾಸಿಟಿ' ಅನ್ನುವ ಕಾಯ್ದೆ, ಪರಿಶಿಷ್ಟರಲ್ಲದವರು ಪರಿಶಿಷ್ಟರ ಮೇಲೆ ಎಸಗಿದ ಅಪರಾಧಕ್ಕೆ ಮಾತ್ರ ಅನ್ವಯಿಸುತ್ತದೆ. ಅದೇ ದಿನ, ಅದೇ ಗುಂಪು, ಅದೇ ಬೆಂಕಿ. ಶಿಕ್ಷೆ ಮಾತ್ರ ಬೇರೆ. 'ಇದೆಂಥ ನ್ಯಾಯ ಸಾರ್?' ಅನ್ನುವ ಮಾತು ಆಗ ಬಸ್ ಸ್ಟ್ಯಾಂಡಿನಲ್ಲೂ ಇತ್ತು, ಚಹಾದಂಗಡಿಯಲ್ಲೂ ಇತ್ತು. ಕೇಳಬೇಕಾದ ಪ್ರಶ್ನೆಯೇ. ಇವತ್ತು ಅದನ್ನೇ ಮಾತಾಡೋಣ.

ದ್ವೇಷದ ಅಪರಾಧಕ್ಕೆ, ಅಂದರೆ ಜಾತಿಯನ್ನೋ ಬಣ್ಣವನ್ನೋ ನೋಡಿ ಮಾಡಿದ ಅಪರಾಧಕ್ಕೆ, ಬೇರೆ ಕಾನೂನು ಬೇಡ ಅನ್ನುವವರ ವಾದ ಸರಳ. ಹೊಡೆತ ಯಾರು ಹೊಡೆದರೂ ಹೊಡೆತವೇ. ಮನಸ್ಸಿನಲ್ಲಿ ಏನಿತ್ತು ಅಂತ ಅಳೆದು ಶಿಕ್ಷೆ ಕೊಡುವುದು ತಪ್ಪು. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಕಾನೂನು ಮೊದಲಿನಿಂದಲೂ ಮನಸ್ಸನ್ನು ನೋಡಿಕೊಂಡೇ ಬಂದಿದೆ. ಲಾರಿ ಚಾಲಕನ ಅಜಾಗರೂಕತೆಯಿಂದ ಸತ್ತರೂ ಸಾವೇ, ಕಾದು ಕುಳಿತು ಕೊಂದರೂ ಸಾವೇ. ಎರಡಕ್ಕೂ ಒಂದೇ ಶಿಕ್ಷೆ ಕೊಡಿ ಅಂತ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ವಿಸ್ಕಾನ್ಸಿನ್ ರಾಜ್ಯದಲ್ಲಿ 1989ರಲ್ಲಿ ಒಂದು ಗುಂಪು ಒಬ್ಬ ಹುಡುಗನನ್ನು ಅವನ ಬಣ್ಣ ನೋಡಿಯೇ ಆರಿಸಿ ಹೊಡೆಯಿತು. ಎರಡು ವರ್ಷ ಮೀರದ ಶಿಕ್ಷೆ ಆ ಕಾರಣಕ್ಕೆ ನಾಲ್ಕು ವರ್ಷವಾಯಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿ ಎಂದಿತು. ಅಲ್ಲಿ ಹೊಡೆಸಿದವನು ಕಪ್ಪು ಯುವಕ, ಏಟು ತಿಂದವನು ಬಿಳಿಯ ಹುಡುಗ. ಅಂದರೆ ಆ ಕಾನೂನು ಎರಡೂ ಕಡೆಗೆ ಹರಿಯುತ್ತದೆ. ನಮ್ಮ ಅಟ್ರಾಸಿಟಿ ಕಾಯ್ದೆ ಒಂದೇ ಕಡೆಗೆ.

ಒಂದೇ ಕಡೆಗೆ ಯಾಕೆ ಅಂದರೆ, ನಮ್ಮಲ್ಲಿ ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಚಹಾ ಕುಡಿದವರೂ ಒಂದೇ ಕಡೆಯವರು. ಇದಕ್ಕಿಂತ ಜಾಸ್ತಿ ವಿವರಣೆ ಬೇಕು ಅಂತ ನನಗೆ ಅನಿಸುವುದಿಲ್ಲ.

ನಮ್ಮದೇ ಕುಷ್ಟಗಿ ತಾಲ್ಲೂಕಿನ ಮಿಯಾಪುರ ನೆನಪಿದೆಯಾ? 2021ರ ಸೆಪ್ಟೆಂಬರ್. ದಲಿತ ಕುಟುಂಬದ ಎರಡು ವರ್ಷದ ಮಗುವಿನ ಹುಟ್ಟುಹಬ್ಬ. ಮನೆಯವರು ಗುಡಿಯ ಹೊರಗೇ ನಿಂತು ಕೈಮುಗಿಯುತ್ತಿದ್ದರು. ಮಗು ಓಡಿ ಒಳಗೆ ಹೋಯಿತು. ಅಷ್ಟೇ. ಗುಡಿ ಶುದ್ಧಿ ಮಾಡಬೇಕು ಅಂತ ಇಪ್ಪತ್ತು ಸಾವಿರಕ್ಕೂ ಜಾಸ್ತಿ ದುಡ್ಡು ಕೇಳಿದರು. ಅಲ್ಲಿ ಯಾರೂ ಕೈಯೆತ್ತಿರಲಿಲ್ಲ, ಬೆಂಕಿಯೂ ಇರಲಿಲ್ಲ. 'ಊರವರು ಕೂತು ದಂಡ ಹಾಕಿದರು, ಮುಗೀತು' ಅಂತ ಬಿಟ್ಟುಬಿಡಬಹುದಿತ್ತು. ಜಾತಿಯ ಕಾರಣವನ್ನು ಪಕ್ಕಕ್ಕಿಟ್ಟು ನೋಡಿದರೆ ಅಲ್ಲಿ ಅಪರಾಧವೇ ಕಾಣುವುದಿಲ್ಲ. ಕಾರಣವೇ ಅಲ್ಲಿ ಅಪರಾಧ. ಮನೆಯವರು ದೂರು ಕೊಡಲು ಹಿಂಜರಿದರು. ಊರಲ್ಲೇ ಬಾಳಬೇಕಲ್ಲ, ಪಾಪ. ಕೊನೆಗೆ ಪೊಲೀಸರೇ ತಾವಾಗಿ ಕೇಸು ದಾಖಲಿಸಿದರು.

ಇನ್ನು 'ಸುಳ್ಳು ಕೇಸು' ಅನ್ನುವ ಮಾತು. ಸುಳ್ಳು ಕೇಸು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊಲದ ಬದುವಿನ ಜಗಳಕ್ಕೆ ಅಟ್ರಾಸಿಟಿ ಸೇರಿಸುವುದೂ ಉಂಟು. ಆದರೆ ಖುಲಾಸೆಯಾದದ್ದೆಲ್ಲ ಸುಳ್ಳಲ್ಲ. ಸಾಕ್ಷಿ ಹೇಳುವವನು ಗೌಡರ ಗದ್ದೆಗೇ ಕೂಲಿಗೆ ಹೋಗುವವನು. ಕೋರ್ಟಿಗೆ ಬರುವಷ್ಟರಲ್ಲಿ ರಾಜಿ ಪಂಚಾಯ್ತಿ ಆಗಿರುತ್ತದೆ, ಅವನು ಉಲ್ಟಾ ಹೊಡೆದಿರುತ್ತಾನೆ. ದುರುಪಯೋಗದ ಹೆಸರಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಬಂಧನಕ್ಕೆ ಕಡಿವಾಣ ಹಾಕಿತ್ತು. ದೇಶದಲ್ಲಿ ಬಂದ್ ಆಯಿತು. ಸಂಸತ್ತು ಅದೇ ವರ್ಷ ತಿದ್ದುಪಡಿ ತಂದು ಹಳೆಯ ಬಲ ವಾಪಸ್ ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಒಪ್ಪಿತು.

ಹಾಗಾಗಿ ಇಂಥ ಕಾನೂನು ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ.

ಮರಕುಂಬಿಯ ಆ 98 ಜನರನ್ನೇ ನೋಡಿ. ಎಲ್ಲರಿಗೂ ಒಂದೇ ತೂಕದ ಶಿಕ್ಷೆ. ಮುಂದೆ ನಿಂತು ಕೊಳ್ಳಿ ಹಿಡಿದವನು ಒಬ್ಬ, ಅಣ್ಣನ ಹಿಂದೆ ಬಂದು ಗುಂಪಿನ ಅಂಚಿನಲ್ಲಿ ನಿಂತವನು ಇನ್ನೊಬ್ಬ. ಅಕ್ರಮ ಕೂಟದಲ್ಲಿದ್ದ ಎಲ್ಲರೂ ಹೊಣೆ ಅನ್ನುವುದು ಹಳೆಯ ನಿಯಮ. ಅದರ ಜೊತೆಗೆ ಅಟ್ರಾಸಿಟಿ ಕಾಯ್ದೆಯ ಖಡಕ್ ಶಿಕ್ಷೆ ಸೇರಿದರೆ ನ್ಯಾಯಾಧೀಶರ ಕೈ ಕಟ್ಟಿದ ಹಾಗೆ. ಮನೆಗೆ ಬೆಂಕಿ ಹಚ್ಚಿದರೆ ಅಂದಿನ ಸಾಮಾನ್ಯ ದಂಡ ಸಂಹಿತೆಯಲ್ಲಿ ಜೀವಾವಧಿ ಇಲ್ಲವೇ ಹತ್ತು ವರ್ಷದವರೆಗೆ ಅಂತ ಆಯ್ಕೆ ಇತ್ತು. ಪರಿಶಿಷ್ಟರ ಮನೆ ಸುಟ್ಟು ಹಾಳು ಮಾಡಿದರೆ ಈ ಕಾಯ್ದೆಯಲ್ಲಿ ಜೀವಾವಧಿ ಒಂದೇ. ದ್ವೇಷಕ್ಕೆ ಜಾಸ್ತಿ ಶಿಕ್ಷೆ ಕೊಡಿ, ನನ್ನ ಒಪ್ಪಿಗೆ ಇದೆ. ಆದರೆ ಆ ದ್ವೇಷ ಯಾರಲ್ಲಿ ಎಷ್ಟಿತ್ತು, ಯಾರು ಏನು ಮಾಡಿದರು ಅಂತ ಬಿಡಿಬಿಡಿಯಾಗಿ ನೋಡಲು ಜಾಗ ಇರಬೇಕು.

2024ರ ನವೆಂಬರಿನಲ್ಲೇ ಹೈಕೋರ್ಟ್ ಇವರಲ್ಲಿ 97 ಜನರಿಗೆ ಜಾಮೀನು ಕೊಟ್ಟಿತು. ಕೇರಿಯವರಿಗೆ ಅದು ಹೇಗೆ ಅನಿಸಿರಬೇಕು ಊಹಿಸಿ. ಹತ್ತು ವರ್ಷ ಕಾದು ಬಂದ ತೀರ್ಪು, ತಿಂಗಳೊಳಗೆ ಹೆಚ್ಚುಕಮ್ಮಿ ಎಲ್ಲರೂ ಮನೆಗೆ.

ಚಾರ್ಜ್‌ಶೀಟ್ ಆದ ಮೇಲೆ ಸಾಧ್ಯವಾದಷ್ಟು ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಅನ್ನುತ್ತದೆ ಈಗಿನ ಕಾಯ್ದೆ. ಮರಕುಂಬಿಗೆ ಹತ್ತು ವರ್ಷ ಹಿಡಿಯಿತು. ಆ ದಿನ ಯಾರ ಕೈಯಲ್ಲಿ ಏನಿತ್ತು ಅನ್ನುವುದು ಅಷ್ಟು ವರ್ಷದ ಮೇಲೆ ಯಾರ ಬಾಯಿಂದ ಸರಿಯಾಗಿ ಬರುತ್ತದೆ? ಅದನ್ನು ಬಿಸಿಯಾಗಿರುವಾಗಲೇ ಬರೆದಿಡಬೇಕಾದವರು ತನಿಖೆಗೆ ಬರುವ ಡಿವೈಎಸ್ಪಿ. ಈ ಕೇಸುಗಳನ್ನು ಅದಕ್ಕಿಂತ ಕೆಳಗಿನ ದರ್ಜೆಯವರು ತನಿಖೆ ಮಾಡುವ ಹಾಗಿಲ್ಲ, ನಿಯಮವೇ ಇದೆ. ಮರಕುಂಬಿಯ ಕಾಲದಲ್ಲಿ ಒಂದು ಉಪವಿಭಾಗಕ್ಕೆ ಒಬ್ಬರೇ ಡಿವೈಎಸ್ಪಿ. ಜಾತ್ರೆ ಬಂದೋಬಸ್ತಿಗೂ ಅವರೇ, ಮಂತ್ರಿಗಳು ಬಂದರೂ ಅವರೇ. ಶಿಕ್ಷೆ ಜಾಸ್ತಿ ಮಾಡುವ ಮಸೂದೆ ತರುವ ಸರ್ಕಾರಗಳು, ಈ ತನಿಖೆಗೆಂದೇ ಬೇಕಾದಷ್ಟು ಅಧಿಕಾರಿಗಳನ್ನೂ ಸಿಬ್ಬಂದಿಯನ್ನೂ ಮೊದಲು ಕೊಡಲಿ.

ನಮಸ್ಕಾರ.