ತಮ್ಮನ ಕೊರಳಿಗೆ ಚೋಳನ ಕಂಠಿಕೆ: ಕಲ್ಯಾಣದ ಸಿಂಹಾಸನಕ್ಕಾಗಿ ಎಂಟು ವರ್ಷಗಳ ಕಲಹ

ನಮಸ್ಕಾರ. ಆರನೆಯ ವಿಕ್ರಮಾದಿತ್ಯನ ಹೆಸರು ಕೇಳದ ಕನ್ನಡಿಗರು ಕಡಿಮೆ. ಕಲ್ಯಾಣದ ಚಾಲುಕ್ಯರಲ್ಲಿ ಅವನಷ್ಟು ದೀರ್ಘಕಾಲ ಆಳಿದವರಿಲ್ಲ. ಅವನ ಹೆಸರಿನಲ್ಲಿ ಒಂದು ಶಕೆಯೇ ನಡೆಯಿತು. ಆದರೆ ತಂದೆಯ ನಂತರ ಪಟ್ಟಕ್ಕೆ ಬಂದವನು ಅವನಲ್ಲ, ಅವನ ಅಣ್ಣ ಇಮ್ಮಡಿ ಸೋಮೇಶ್ವರ. ಎಂಟು ವರ್ಷ ಆಳಿದ ಆ ಅಣ್ಣನನ್ನು ಯುದ್ಧದಲ್ಲಿ ಸೋಲಿಸಿ, ಸೆರೆಯಲ್ಲಿಟ್ಟು, 1076ರಲ್ಲಿ ವಿಕ್ರಮಾದಿತ್ಯನು ಸಿಂಹಾಸನವೇರಿದನು. ಇದನ್ನು ಅಣ್ಣತಮ್ಮಂದಿರ ಜಗಳವೆಂದಷ್ಟೇ ಹೇಳುವುದು ರೂಢಿ. ಆದರೆ ಈ ಜಗಳದ ಪ್ರತಿಯೊಂದು ತಿರುವಿನಲ್ಲೂ ನೆರೆಯ ಚೋಳರ ಕೈ ಕಾಣಿಸುತ್ತದೆ, ಚೋಳರ ಮನೆಯ ಜಗಳದಲ್ಲಿ ಚಾಲುಕ್ಯರ ಕೈಯೂ ಅಷ್ಟೇ ಸ್ಪಷ್ಟವಾಗಿ ಕಾಣಿಸುತ್ತದೆ. ಈ ವಿಡಿಯೋದಲ್ಲಿ ಆ ಎರಡು ಕೈಗಳನ್ನು ಹಿಂಬಾಲಿಸೋಣ.

[ತೆರೆಯ ಮೇಲೆ: ದಕ್ಷಿಣ ಭಾರತದ ನಕ್ಷೆ. ಕಲ್ಯಾಣ, ಕುರುವತ್ತಿ, ಗುತ್ತಿ, ಕಂಪಿಲಿ, ಬನವಾಸಿ, ವೆಂಗಿ, ಕಂಚಿ, ಗಂಗೈಕೊಂಡಚೋಳಪುರ]

ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣದಲ್ಲಿ ಎರಡು ದೊಡ್ಡ ಶಕ್ತಿಗಳಿದ್ದವು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯರು ಒಂದೆಡೆ, ಕಾವೇರಿಯ ಬಯಲಿನ ಚೋಳರು ಇನ್ನೊಂದೆಡೆ. ಇಬ್ಬರ ನಡುವಿನ ಗಡಿ ತುಂಗಭದ್ರೆಯ ಆಸುಪಾಸಿನಲ್ಲಿ ಹಿಂದೆಮುಂದೆ ಸರಿಯುತ್ತಲೇ ಇತ್ತು. ಪೂರ್ವದಲ್ಲಿ, ಗೋದಾವರಿ ಮತ್ತು ಕೃಷ್ಣಾ ನದಿಗಳ ಮುಖಜ ಪ್ರದೇಶದಲ್ಲಿ ವೆಂಗಿ ರಾಜ್ಯವಿತ್ತು. ಅಲ್ಲಿ ಆಳುತ್ತಿದ್ದವರು ಹುಟ್ಟಿನಿಂದ ಚಾಲುಕ್ಯರೇ ಆದರೂ ಚೋಳರ ಹೆಣ್ಣುಮಕ್ಕಳನ್ನು ತಂದುಕೊಂಡು ಚೋಳರಿಗೆ ಬೀಗರಾಗಿದ್ದರು. ಅಲ್ಲಿ ರಾಜರಾಜ ನರೇಂದ್ರ ಮತ್ತು ಅವನ ಮಲತಾಯಿಯ ಮಗ ವಿಜಯಾದಿತ್ಯ ಪಟ್ಟಕ್ಕಾಗಿ ಹೊಡೆದಾಡಿದಾಗ ಮೊದಲನೆಯವನ ಬೆನ್ನಿಗೆ ಚೋಳರೂ ಎರಡನೆಯವನ ಬೆನ್ನಿಗೆ ಕಲ್ಯಾಣದವರೂ ನಿಂತಿದ್ದರು. ಅಂದರೆ ಪರರಾಜ್ಯದ ದಾಯಾದಿ ಕಲಹದಲ್ಲಿ ಒಬ್ಬನ ಪರ ವಹಿಸಿ ಇನ್ನೊಬ್ಬನನ್ನು ಕೆಡವುವ ವಿದ್ಯೆಯನ್ನು ಈ ಎರಡೂ ಮನೆತನಗಳು ವೆಂಗಿಯಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದ್ದವು.

ದ್ವೇಷವೂ ಸಾಕಷ್ಟು ಬೆಳೆದಿತ್ತು. 1054ರ ಕೊಪ್ಪಂ ಯುದ್ಧದಲ್ಲಿ ಚೋಳರ ರಾಜಾಧಿರಾಜನು ಆನೆಯ ಮೇಲೆಯೇ ಪ್ರಾಣಬಿಟ್ಟಿದ್ದನು. ಅವನ ತಮ್ಮ ಇಮ್ಮಡಿ ರಾಜೇಂದ್ರನು ರಣರಂಗದಲ್ಲೇ ಕಿರೀಟ ಧರಿಸಿ ಸೋಲನ್ನು ಗೆಲುವಾಗಿಸಿದನು. ಮುಂದೆ 1063ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ ತಮ್ಮ ವೀರರಾಜೇಂದ್ರ ಮತ್ತು ಚಾಲುಕ್ಯ ಒಂದನೆಯ ಸೋಮೇಶ್ವರ, ಅಂದರೆ ಆಹವಮಲ್ಲ, ಇವರಿಬ್ಬರ ನಡುವಿನ ವೈರ ಎಷ್ಟರಮಟ್ಟಿಗೆ ಹೋಗಿತ್ತೆಂದರೆ, ಯುದ್ಧಕ್ಕೆ ಬರುವೆನೆಂದು ಮಾತುಕೊಟ್ಟ ಆಹವಮಲ್ಲ ಗೊತ್ತುಮಾಡಿದ ಸ್ಥಳಕ್ಕೆ ಬಾರದೆ ಹೋದಾಗ ವೀರರಾಜೇಂದ್ರನು ಒಂದು ತಿಂಗಳು ಕಾದು, ಅವನ ಬೊಂಬೆಯೊಂದನ್ನು ಮಾಡಿಸಿ ಅದಕ್ಕೆ ಅವಮಾನ ಮಾಡಿದನೆಂದು ಚೋಳ ಶಾಸನವೇ ಹೇಳಿಕೊಳ್ಳುತ್ತದೆ. ಆಹವಮಲ್ಲನು ಬಾರದಿದ್ದುದಕ್ಕೆ ಹೆದರಿಕೆಗಿಂತ ಅನಾರೋಗ್ಯವೇ ಕಾರಣವಾಗಿದ್ದಿರಬಹುದು. ವಾಸಿಯಾಗದ ಜ್ವರಕ್ಕೆ ತುತ್ತಾದ ಅವನು 1068ರ ಮಾರ್ಚ್ ಕೊನೆಯಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಜಲಸಮಾಧಿಯಾದನು.

[ತೆರೆಯ ಮೇಲೆ: ವಂಶವೃಕ್ಷ. ಆಹವಮಲ್ಲ ಸೋಮೇಶ್ವರ, ಕೆಳಗೆ ಇಮ್ಮಡಿ ಸೋಮೇಶ್ವರ, ವಿಕ್ರಮಾದಿತ್ಯ, ಜಯಸಿಂಹ]

ಹಿರಿಯ ಮಗ ಸೋಮೇಶ್ವರನು ಭುವನೈಕಮಲ್ಲನೆಂಬ ಬಿರುದಿನೊಡನೆ ಏಪ್ರಿಲ್‌ನಲ್ಲಿ ಪಟ್ಟವೇರಿದನು. ಯುವರಾಜನೂ ಅವನೇ ಆಗಿದ್ದುದರಿಂದ ಕಾನೂನಿನ ದೃಷ್ಟಿಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಗೊಂದಲವಿದ್ದುದು ಬಲದ ಲೆಕ್ಕದಲ್ಲಿ. ವಿಕ್ರಮಾದಿತ್ಯನು ತಂದೆಯ ಕಾಲದಿಂದಲೂ ಗಂಗವಾಡಿಯಂಥ ದಕ್ಷಿಣದ ಪ್ರಾಂತ್ಯಗಳನ್ನು ಆಳುತ್ತಾ, ತಂದೆಯ ಪರವಾಗಿ ದಂಡಯಾತ್ರೆಗಳನ್ನು ನಡೆಸುತ್ತಾ ಬಂದಿದ್ದನು. ತಂದೆಯ ಸಾವಿನ ಸುದ್ದಿ ತಲುಪಿದಾಗಲೂ ಅವನು ದಂಡಯಾತ್ರೆಯಿಂದ ಮರಳುತ್ತಾ ಕೃಷ್ಣೆಯ ದಡದಲ್ಲಿದ್ದನು. ಸೈನ್ಯವೂ ಸಾಮಂತರ ಪರಿಚಯವೂ ತಮ್ಮನ ಬಳಿ, ಕಿರೀಟ ಅಣ್ಣನ ಬಳಿ. ಇಂಥ ಸ್ಥಿತಿಯನ್ನು ಕಂಡ ನೆರೆಯ ಅರಸನು ಸುಮ್ಮನಿರುವುದುಂಟೆ?

ವೀರರಾಜೇಂದ್ರನು ಸುಮ್ಮನಿರಲಿಲ್ಲ. ಹೊಸ ಅರಸ, ಹೊಸ ಆಳ್ವಿಕೆ, ಈ ನಾಡನ್ನು ಮುತ್ತಲು ಇದೇ ಸಮಯವೆಂದು ಬಗೆದು ಚೋಳನು ಗುತ್ತಿಯ ಕೋಟೆಗೆ ದೊಡ್ಡ ಸೇನೆಯೊಡನೆ ಲಗ್ಗೆಯಿಟ್ಟನೆಂದು ಬಳ್ಳಿಗಾವೆಯ ಕನ್ನಡ ಶಾಸನವೊಂದು ವರ್ಣಿಸುತ್ತದೆ. ಅದರ ಪ್ರಕಾರ ಭುವನೈಕಮಲ್ಲನ ಕುದುರೆ ಸೇನೆ ಮೇಲೆ ಬಿದ್ದೊಡನೆ ಚೋಳನು ಬೆನ್ನುತಿರುಗಿಸಿ ಓಡಿದನು. ಚೋಳರ ಶಾಸನ ಓದಿದರೆ ಇದೇ ದಂಡಯಾತ್ರೆ ಬೇರೆಯೇ ಆಗಿ ಕಾಣುತ್ತದೆ: ಸೋಮೇಶ್ವರನು ಕೊರಳಿನ ಕಂಠಿಕೆಯನ್ನು ಬಿಚ್ಚುವಷ್ಟರಲ್ಲೇ ವೀರರಾಜೇಂದ್ರನು ಕಂಪಿಲಿಯನ್ನು ಸುಟ್ಟು, ಇಂದಿನ ರಾಯಚೂರು ಜಿಲ್ಲೆಯ ಕರಡಿಕಲ್ಲಿನಲ್ಲಿ ವಿಜಯಸ್ತಂಭ ನೆಟ್ಟನಂತೆ. ಕಂಠಿಕೆಯೆಂದರೆ ಯುವರಾಜ ಪದವಿಯ ಗುರುತಾಗಿ ಧರಿಸುತ್ತಿದ್ದ ಕೊರಳ ಆಭರಣ. ಪಟ್ಟಾಭಿಷೇಕದ ಸಂಭ್ರಮ ಮುಗಿಯುವ ಮುನ್ನವೇ ತಾನು ಮೇಲೆ ಬಿದ್ದೆನೆಂಬುದೇ ಚೋಳನ ಹೆಗ್ಗಳಿಕೆ. ಎರಡೂ ಕಡೆಯವರು ತಾವೇ ಗೆದ್ದೆವೆಂದು ಕಲ್ಲಿನಲ್ಲಿ ಕೊರೆಸಿರುವಾಗ ನಾವು ನಂಬಬಹುದಾದದ್ದು ಇಷ್ಟು: ದಾಳಿ ನಡೆಯಿತು, ಗಡಿಭಾಗ ಹಾಳಾಯಿತು, ಆದರೆ ಕಲ್ಯಾಣ ಬೀಳಲಿಲ್ಲ.

ಕತ್ತಿಯಿಂದ ಆಗದ್ದನ್ನು ವೀರರಾಜೇಂದ್ರನು ಇನ್ನೊಂದು ಬಗೆಯಲ್ಲಿ ಮಾಡಿದನು. ಅದೇ ಚೋಳ ಶಾಸನದ ಮುಂದಿನ ಮಾತುಗಳನ್ನು ನೋಡಿ. ಸೋಮೇಶ್ವರನನ್ನು ಕನ್ನರ ದೇಶದಿಂದ, ಅಂದರೆ ಕನ್ನಡ ನಾಡಿನಿಂದ, ಓಡಿಸಿ, ತನ್ನ ಪಾದಗಳಲ್ಲಿ ಆಶ್ರಯ ಬೇಡಿ ಬಂದ ಚಾಲುಕ್ಯ ವಿಕ್ರಮಾದಿತ್ಯನಿಗೆ ಕಂಠಿಕೆಯನ್ನು ತೊಡಿಸಿ, ಏಳೂವರೆ ಲಕ್ಷದ ರಟ್ಟಪಾಡಿಯನ್ನು ಗೆದ್ದು ಕೊಟ್ಟೆನೆಂದು ಅದು ಸಾರುತ್ತದೆ. ರಟ್ಟಪಾಡಿ ಎಂದು ಚೋಳರು ಕರೆಯುತ್ತಿದ್ದುದು ಚಾಲುಕ್ಯ ಸಾಮ್ರಾಜ್ಯವನ್ನೇ; ಏಳೂವರೆ ಲಕ್ಷವೆಂಬುದು ಆ ನಾಡಿನ ಹೆಸರಿಗೆ ಸೇರಿಸಿ ಹೇಳುತ್ತಿದ್ದ ರೂಢಿಯ ಅಂಕಿ. ಅದರ ಬಹುಭಾಗ ವೀರರಾಜೇಂದ್ರನ ವಶದಲ್ಲಿ ಎಂದೂ ಇರಲಿಲ್ಲ; ತನ್ನದಲ್ಲದ ರಾಜ್ಯವನ್ನು ದಾನ ಮಾಡುವುದಕ್ಕೆ ಖರ್ಚೂ ಇಲ್ಲ. ಆದರೂ ಈ ಕಂಠಿಕೆ ಬರಿಯ ಆಡಂಬರವಾಗಿರಲಿಲ್ಲ. ತಾನು ತೊಡಿಸಿದ ಆಭರಣವೇ ಅಧಿಕಾರದ ಗುರುತೆಂದು ಒಪ್ಪಿದವನು ತನ್ನ ಅಧೀನನೆಂದೂ ಒಪ್ಪಿದಂತಾಗುತ್ತದೆ. ಜೊತೆಗೆ ಚಾಲುಕ್ಯ ಸಾಮಂತರಿಗೆಲ್ಲ ಇನ್ನು ಮುಂದೆ ಇಬ್ಬರು ಒಡೆಯರು, ಯಾರಿಗೆ ನಿಷ್ಠೆ ತೋರಬೇಕೆಂಬುದನ್ನು ಅವರೇ ಆರಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಕೊಪ್ಪಂನಂಥ ಮಹಾಯುದ್ಧಗಳು ಮಾಡದ ಹಾನಿಯನ್ನು ಈ ಒಂದು ಆಭರಣ ಮಾಡಿತು.

ಇದರ ಮೇಲೆ ವೀರರಾಜೇಂದ್ರನು ತನ್ನ ಮಗಳನ್ನೂ ವಿಕ್ರಮಾದಿತ್ಯನಿಗೆ ಮದುವೆ ಮಾಡಿಕೊಟ್ಟನು. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಬಿಲ್ಹಣನ 'ವಿಕ್ರಮಾಂಕದೇವಚರಿತ'ದಲ್ಲಿ ಈ ಮದುವೆ ತುಂಗಭದ್ರೆಯ ದಡದಲ್ಲಿ ನಡೆಯುತ್ತದೆ. ಅಲ್ಲಿ ಆಶ್ರಯ ಬೇಡುವವನು ವಿಕ್ರಮಾದಿತ್ಯನಲ್ಲ, ಅವನ ಪರಾಕ್ರಮಕ್ಕೆ ಹೆದರಿ ಮಗಳನ್ನು ಕೊಡಲು ಮುಂದಾಗುವವನು ಚೋಳನೇ. ಮಾವನ ಶಾಸನದಲ್ಲಿ ಶರಣಾಗತ, ಅಳಿಯನ ಕಾವ್ಯದಲ್ಲಿ ವಿಜಯಿ. ಈ ಸಂಬಂಧ ಕುದುರಿಸಿದ್ದರಲ್ಲಿ ಗೋವೆಯ ಕದಂಬ ಜಯಕೇಶಿಗೂ ಪಾಲಿದೆ. ಕಂಚಿಯಲ್ಲಿ ಚಾಲುಕ್ಯ ಚೋಳರನ್ನು ಸ್ನೇಹಿತರನ್ನಾಗಿಸಿದ ಕೀರ್ತಿಯನ್ನು ಕದಂಬ ಶಾಸನ ಅವನಿಗೆ ಸಲ್ಲಿಸುತ್ತದೆ.

ಬಿಲ್ಹಣನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅವನ ಕಾವ್ಯದಲ್ಲಿ ಆಹವಮಲ್ಲನು ಯುವರಾಜ ಪದವಿಯನ್ನು ಮೊದಲು ವಿಕ್ರಮಾದಿತ್ಯನಿಗೇ ಕೊಡಲು ಬಯಸುತ್ತಾನೆ. ಅಣ್ಣನಿರುವಾಗ ಅದು ತನಗೆ ಸಲ್ಲದೆಂದು ತಮ್ಮನೇ ನಿರಾಕರಿಸುತ್ತಾನೆ. ಆಮೇಲೆ ಪಟ್ಟಕ್ಕೆ ಬಂದ ಅಣ್ಣನು ಮದಾಂಧನಾಗಿ, ಪ್ರಜೆಗಳನ್ನು ಪೀಡಿಸಿ, ತಮ್ಮನ ಮೇಲೇ ಸಂಚು ಹೂಡುತ್ತಾನೆ. ವಿಕ್ರಮಾದಿತ್ಯನು ಕಿರಿಯ ಜಯಸಿಂಹನೊಡನೆ ಕಲ್ಯಾಣವನ್ನು ಬಿಟ್ಟು ಹೊರಡುತ್ತಾನೆ. ಗೆದ್ದವನ ಅನ್ನ ಉಂಡ ಕವಿ ಸೋತವನ ಬಗ್ಗೆ ಬರೆದ ಮಾತುಗಳಿವು. ಸೋಮೇಶ್ವರನ ಪರವಾಗಿ ಕಾವ್ಯ ಬರೆದವರು ಯಾರೂ ಇಲ್ಲ.

[ತೆರೆಯ ಮೇಲೆ: ವರ್ಷ 1070. ಚೋಳ ವಂಶವೃಕ್ಷ: ಅಧಿರಾಜೇಂದ್ರ, ಕುಲೋತ್ತುಂಗ]

ಎರಡೇ ವರ್ಷಗಳಲ್ಲಿ ಆಟ ತಿರುಗಿತು. 1070ರಲ್ಲಿ ವೀರರಾಜೇಂದ್ರ ತೀರಿಕೊಂಡನು, ಅವನ ಮಗ ಅಧಿರಾಜೇಂದ್ರನ ಪಟ್ಟವೇ ಅಲುಗಾಡತೊಡಗಿತು. ಈಗ ಮಧ್ಯೆ ಪ್ರವೇಶಿಸುವ ಸರದಿ ಅಳಿಯನದು. ವಿಕ್ರಮಾದಿತ್ಯನು ಸೇನೆಯೊಡನೆ ಕಂಚಿಗೆ ಹೋಗಿ ದಂಗೆಕೋರರನ್ನು ಹತ್ತಿಕ್ಕಿ, ಗಂಗೈಕೊಂಡಚೋಳಪುರದವರೆಗೆ ನಡೆದು, ಭಾವಮೈದುನನ ಪಟ್ಟವನ್ನು ಭದ್ರಪಡಿಸಿ, ಸುಮಾರು ಒಂದು ತಿಂಗಳು ಅಲ್ಲಿದ್ದು ತುಂಗಭದ್ರೆಗೆ ಮರಳಿದನೆಂದು ಬಿಲ್ಹಣ ಹೇಳುತ್ತಾನೆ. ಮರಳಿದ ಕೆಲವೇ ದಿನಗಳಲ್ಲಿ ಸುದ್ದಿ ಬಂತು: ಹೊಸ ದಂಗೆಯಲ್ಲಿ ಅಧಿರಾಜೇಂದ್ರ ಸತ್ತನು, ವೆಂಗಿಯ ರಾಜಿಗ ಚೋಳ ಸಿಂಹಾಸನವನ್ನು ಹಿಡಿದನು.

ಬಿಲ್ಹಣನು ರಾಜಿಗನೆಂದು ಕರೆದದ್ದು ಮುಂದೆ ಒಂದನೆಯ ಕುಲೋತ್ತುಂಗನೆಂದು ಪ್ರಸಿದ್ಧನಾದವನನ್ನು. ಅವನು ವೆಂಗಿಯ ರಾಜರಾಜ ನರೇಂದ್ರನ ಮಗ. ತಾಯಿ ಒಂದನೆಯ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿ, ಹೆಂಡತಿ ಇಮ್ಮಡಿ ರಾಜೇಂದ್ರನ ಮಗಳು. ತಂದೆಯ ಕಡೆಯಿಂದ ಚಾಲುಕ್ಯ, ಉಳಿದೆಲ್ಲ ಕಡೆಯಿಂದ ಚೋಳ. ವೆಂಗಿಯ ಹಕ್ಕೂ ಚೋಳ ಕಿರೀಟವೂ ಒಬ್ಬನಲ್ಲೇ ಸೇರಿದ್ದು ಕಲ್ಯಾಣಕ್ಕೆ ಎರಡು ದಿಕ್ಕಿನಿಂದ ಅಪಾಯ ತಂದಿತು. ಭಾವಮೈದುನನ್ನು ಕಳೆದುಕೊಂಡ ವಿಕ್ರಮಾದಿತ್ಯನಿಗಂತೂ ಕುಲೋತ್ತುಂಗ ನೇರ ಶತ್ರು. ಹಾಗಾದರೆ ಕುಲೋತ್ತುಂಗನಿಗೆ ಕಲ್ಯಾಣದಲ್ಲಿ ಮಿತ್ರನಾರು? ಸೋಮೇಶ್ವರನೇ! ತಾನು ಪಟ್ಟಕ್ಕೆ ಬಂದ ವರ್ಷವೇ ತನ್ನ ಮೇಲೆ ದಂಡೆತ್ತಿ ಬಂದ ಚೋಳ ಸಿಂಹಾಸನದೊಡನೆ, ತಮ್ಮನನ್ನು ಮಣಿಸುವುದಕ್ಕಾಗಿ ಸೋಮೇಶ್ವರನು ಕೈಜೋಡಿಸಿದನು.

1075–76ರ ಕೊನೆಯ ಸುತ್ತಿನಲ್ಲಿ ವಿಕ್ರಮಾದಿತ್ಯನ ಕಡೆ ಜಯಸಿಂಹ, ಹೊಯ್ಸಳರು, ಗೋವೆಯ ಕದಂಬರು, ಉಚ್ಚಂಗಿಯ ಪಾಂಡ್ಯರು, ಸೇವುಣರು ಸೇರಿದ್ದರು. ಈ ಪಟ್ಟಿಯೇ ಯುದ್ಧದ ಫಲಿತಾಂಶವನ್ನು ಮುಕ್ಕಾಲು ಪಾಲು ಹೇಳಿಬಿಡುತ್ತದೆ. ತನ್ನ ಒಡೆಯ ವಿಕ್ರಮಾದಿತ್ಯನನ್ನು ಕಲ್ಯಾಣದ ಸಿಂಹಾಸನದ ಮೇಲೆ ಕೂರಿಸಿದವನು ಸೇವುಣರ ಅರಸ ಸೇವುಣಚಂದ್ರನೆಂದು ಸೇವುಣರ ಮಂತ್ರಿ ಹೇಮಾದ್ರಿ ಎರಡು ಶತಮಾನಗಳ ನಂತರವೂ ಬರೆದಿದ್ದಾನೆ. ಕುಲೋತ್ತುಂಗನ ಶಾಸನಗಳು ಇಲ್ಲೂ ಬೇರೆ ಕಥೆ ಹೇಳುತ್ತವೆ: ಇಂದಿನ ಕೋಲಾರ ಜಿಲ್ಲೆಯ ನಂಗಲಿಯಿಂದ ಮಣಲೂರಿನ ಮೂಲಕ ತುಂಗಭದ್ರೆಯವರೆಗೆ ವಿಕ್ರಮಾದಿತ್ಯನನ್ನು ಅಟ್ಟಿದೆನೆಂದೂ, ದಾರಿಯುದ್ದಕ್ಕೂ ಆನೆಗಳ ಹೆಣ ಬಿದ್ದಿದ್ದವೆಂದೂ ಅವು ಹೇಳಿಕೊಳ್ಳುತ್ತವೆ. ಬಿಲ್ಹಣನಲ್ಲಿ ಸೋಮೇಶ್ವರನು ಹಿಂದಿನಿಂದ ಬಂದು ಮೇಲೆರಗುತ್ತಾನೆ. ಅಣ್ಣನೊಡನೆ ಕಾದಲು ಮನಸ್ಸಿಲ್ಲದ ವಿಕ್ರಮಾದಿತ್ಯನಿಗೆ ಕನಸಿನಲ್ಲಿ ಶಿವನೇ ಬಂದು ಯುದ್ಧ ಮಾಡೆಂದು ಆಜ್ಞಾಪಿಸುತ್ತಾನೆ. ಗೆದ್ದ ಮೇಲೆ ಅಣ್ಣನಿಗೆ ರಾಜ್ಯ ಮರಳಿಸಲು ಹೊರಟಾಗ ಶಿವನು ಮತ್ತೆ ಬಂದು, ಈ ಸಲ ಸಿಟ್ಟಿನಿಂದಲೇ, ತಡೆಯುತ್ತಾನೆ. ಅಣ್ಣನ ಪಟ್ಟ ಕಿತ್ತುಕೊಂಡದ್ದನ್ನು ಸಮರ್ಥಿಸಲು ಕವಿಗೆ ದೇವರನ್ನು ಎರಡು ಸಲ ಕರೆಯಬೇಕಾಯಿತೆಂದರೆ, ಆ ಪ್ರಶ್ನೆ ಆಸ್ಥಾನದಲ್ಲಿ ಇನ್ನೂ ಮುಳ್ಳಾಗಿ ಉಳಿದಿತ್ತೆಂದೇ ನನಗನ್ನಿಸುತ್ತದೆ.

ಒಟ್ಟಿನಲ್ಲಿ ಕುಲೋತ್ತುಂಗನು ಹಿಂದೆ ಸರಿದನು, ಸೋಮೇಶ್ವರನು ಸೆರೆಸಿಕ್ಕನು. ಕುಲೋತ್ತುಂಗನಿಗೆ ಇದರಲ್ಲಿ ನಷ್ಟವೇನೂ ದೊಡ್ಡದಲ್ಲ. ಗಂಗವಾಡಿಯ ಕೆಲವು ಭಾಗಗಳು ಅವನಿಗೇ ದಕ್ಕಿದವು, ಕಿರೀಟವೂ ಉಳಿಯಿತು. ಬೆಲೆ ತೆತ್ತವನು ಅವನನ್ನು ನಂಬಿದ ಸೋಮೇಶ್ವರ. 1076ರಲ್ಲಿ ತ್ರಿಭುವನಮಲ್ಲನೆಂಬ ಬಿರುದು ಧರಿಸಿ ಪಟ್ಟವೇರಿದ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನು. ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ: ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ವಾದಿಸಿದ, ಇಂದಿಗೂ ಹಿಂದೂ ಆಸ್ತಿಹಕ್ಕಿನ ಚರ್ಚೆಗಳಲ್ಲಿ ಕೇಳಿಬರುವ 'ಮಿತಾಕ್ಷರಾ' ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಇದೇ ವಿಕ್ರಮಾದಿತ್ಯನ ಆಶ್ರಯದಲ್ಲಿ.

ಪಟ್ಟ ಸಿಕ್ಕಿದ ಮೇಲೂ ದಾಯಾದಿ ಕಲಹ ನಿಲ್ಲಲಿಲ್ಲ. ಅಣ್ಣನ ವಿರುದ್ಧ ತನ್ನೊಡನೆ ನಿಂತಿದ್ದ ಜಯಸಿಂಹನಿಗೆ ವಿಕ್ರಮಾದಿತ್ಯನು ಬನವಾಸಿಯ ಆಡಳಿತವನ್ನು ಕೊಟ್ಟಿದ್ದನು. ಕೆಲವು ವರ್ಷಗಳಲ್ಲಿ ಬನವಾಸಿಯಿಂದ ಗುಪ್ತಚರರ ವರದಿ ಬಂತು: ಜಯಸಿಂಹನು ಸೈನ್ಯ ಕೂಡಿಸುತ್ತಿದ್ದಾನೆ, ಪ್ರಜೆಗಳಿಂದ ಹಣ ಸುಲಿಯುತ್ತಿದ್ದಾನೆ, ದ್ರಾವಿಡ ದೊರೆಯ, ಅಂದರೆ ಚೋಳನ, ಸ್ನೇಹಕ್ಕೆ ಯತ್ನಿಸುತ್ತಿದ್ದಾನೆ. ವಿಕ್ರಮಾದಿತ್ಯನು ಮೊದಲು ರಾಜಿಗೆ ಪ್ರಯತ್ನಿಸಿದನೆಂದು ಬಿಲ್ಹಣ ಹೇಳುತ್ತಾನೆ. ಅದು ಫಲಿಸದೆ ಕೃಷ್ಣೆಯ ದಡದಲ್ಲಿ ಯುದ್ಧವಾಗಿ, ಓಡಿಹೋದ ಜಯಸಿಂಹನು ಕಾಡಿನಲ್ಲಿ ಸೆರೆಸಿಕ್ಕನು. ಈ ಸಲ ಚೋಳರ ಸೇನೆ ತುಂಗಭದ್ರೆಯನ್ನು ದಾಟಿ ಬರಲಿಲ್ಲ.