ಜಲಾಶಯದ ಪಟ್ಟಿಯಲ್ಲಿ ಗಣಿತದ ಪಾಠ

ಕೇಳುಗರಿಗೆ ನಮಸ್ಕಾರ. ಮುಂಗಾರು ಶುರುವಾಯಿತೆಂದರೆ ನಮ್ಮ ದಿನಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟ ತಿಳಿಸುವ ಪುಟ್ಟ ಪಟ್ಟಿಯೊಂದು ಅಚ್ಚಾಗತೊಡಗುತ್ತದೆ. ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟವೆಂದು ನಾನು ನಂಬಿದ್ದೇನೆ.

ಕೃಷ್ಣರಾಜಸಾಗರವನ್ನೇ ತೆಗೆದುಕೊಳ್ಳಿ. ಅದರ ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಂಗ್ರಹ 49.45 ಟಿಎಂಸಿ. ಒಳಹರಿವು 30,000 ಕ್ಯುಸೆಕ್, ಹೊರಹರಿವು 7,000 ಕ್ಯುಸೆಕ್ ಎಂದಿರಲಿ; ಅಣೆಕಟ್ಟೆ ತುಂಬಲು ಇನ್ನೂ 10 ಟಿಎಂಸಿ ಬೇಕಿದ್ದರೆ ಎಷ್ಟು ದಿನ ಹಿಡಿಯುತ್ತದೆ? ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರಿನ ಹರಿವು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಹರಿವನ್ನೂ ಸಂಗ್ರಹವನ್ನೂ ಜೋಡಿಸುವ ಕೊಂಡಿ ದಿನದ 86,400 ಸೆಕೆಂಡುಗಳಲ್ಲಿದೆ ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುವವರೆಗೆ ಶಿಕ್ಷಕರು ಸುಮ್ಮನೆ ಕಾಯಬೇಕು. ಪಾಠದ ಜೀವ ಇರುವುದು ಆ ಕಾಯುವಿಕೆಯಲ್ಲೇ. ಭಾಗಿಸಿ ನೋಡಿದರೆ, ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಉಳಿಯುವ ಹರಿವು 23,000 ಕ್ಯುಸೆಕ್, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಎರಡು ಟಿಎಂಸಿ. ಐದು ದಿನ ಸಾಕು.

ಆದರೆ ಮರುದಿನದ ಪತ್ರಿಕೆಯಲ್ಲಿ ಒಳಹರಿವು ಇಳಿದಿರಬಹುದು, ಕೊಡಗಿನಲ್ಲಿ ಮಳೆ ಬಿರುಸಾಗಿ ಅದು ಇಮ್ಮಡಿಯೂ ಆಗಿರಬಹುದು. ಪಠ್ಯಪುಸ್ತಕದ ತೊಟ್ಟಿ ಮತ್ತು ನಳದ ಲೆಕ್ಕದಲ್ಲಿ ನೀರಿನ ವೇಗ ಎಂದೂ ಬದಲಾಗುವುದಿಲ್ಲ. ಇಲ್ಲಿ ಮಕ್ಕಳು ತಮ್ಮ ಅಂದಾಜನ್ನು ದಿನವೂ ತಿದ್ದಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ನೂರು ಅಡಿ ನೀರಿದೆ ಎಂದಾಗ ಎತ್ತರದ ಲೆಕ್ಕದಲ್ಲಿ ಶೇ 80 ದಾಟಿರುತ್ತದೆ, ಸಂಗ್ರಹ ಮಾತ್ರ ಅರ್ಧಕ್ಕೂ ಕಡಿಮೆ, ಏಕೆಂದರೆ ಜಲಾಶಯ ಮೇಲೇರಿದಂತೆ ಅಗಲವಾಗುತ್ತದೆ. ಈ ವ್ಯತ್ಯಾಸ ತಿಳಿದ ಮಂಡ್ಯದ ಹುಡುಗಿ ನಾಲೆಯ ನೀರಿನ ಬಗ್ಗೆ ಮನೆಯವರೊಂದಿಗೆ ಆಧಾರವಿಟ್ಟು ಮಾತನಾಡಬಲ್ಲಳು.

ವಾಣಿಜ್ಯ ಪುಟದಲ್ಲೂ ಇಂಥ ಅವಕಾಶಗಳಿವೆ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿದರವನ್ನು, ಶೇ 6.50ರಿಂದ 6.25ಕ್ಕೆ ಇಳಿಸಿತು. ಇಳಿದದ್ದು ಕಾಲು ಶೇಕಡಾ ಅಂಶ. ಮೊದಲಿದ್ದ ದರಕ್ಕೆ ಹೋಲಿಸಿದರೆ ಇಳಿಕೆ ಶೇ 4ರ ಸಮೀಪ. ಎರಡೂ ಸರಿಯೇ, ಎರಡರ ಅರ್ಥ ಬೇರೆ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಇಂದಿನ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಸಿ, ನಾಳಿನ ಸಂಗ್ರಹ ಎಷ್ಟಿರಬಹುದೆಂದು ಪ್ರತಿಯೊಬ್ಬರೂ ಕಾರಣಸಹಿತ ಬರೆಯಲಿ. ಮರುದಿನ ಪತ್ರಿಕೆ ಬಂದಾಗ ಉತ್ತರ ತಾಳೆಯಾಗದಿದ್ದರೆ ಆವಿಯಾದ ನೀರೆಷ್ಟು, ಅಳತೆ ತೆಗೆದ ಹೊತ್ತು ಯಾವುದು ಎಂದು ಅವರೇ ಕೇಳತೊಡಗುತ್ತಾರೆ.