ಎರಡನೇ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಬಗ್ಗೆ ಬಂದಿರುವ ಪುಸ್ತಕಗಳ ವಿಚಾರ ಮಾತಾಡಿ ಎಂದು ನಿಲಯದವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು. ಈ ತಂಡದ ಬಗ್ಗೆ ಒಂದು ಪುಸ್ತಕ ಓದಿ ನಿಲ್ಲಿಸಬೇಡಿ. ಎರಡನೆಯದನ್ನೂ ಓದಿ.

ಮೂವತ್ತು ವರ್ಷ ನಾನು ಕಾಲೇಜಿನ ಗ್ರಂಥಾಲಯ ನೋಡಿಕೊಂಡವನು. ಸಂಗೀತದ ಪುಸ್ತಕಗಳಿಗೆ ನಮ್ಮಲ್ಲಿ 780ನೇ ನಂಬರಿನ ಕಪಾಟು. ಹುಡುಗರು ಬಂದು, "ಸಾರ್, ಪಿಂಕ್ ಫ್ಲಾಯ್ಡ್ ಮೇಲೆ ಯಾವುದು ಒಳ್ಳೇ ಪುಸ್ತಕ?" ಅಂತ ಕೇಳೋರು. ನಾನು ಎರಡು ತೆಗೆದು ಮೇಜಿನ ಮೇಲಿಡುತ್ತಿದ್ದೆ. "ಒಂದು ಸಾಕು ಸಾರ್, ಪರೀಕ್ಷೆ ಹತ್ತಿರ ಬಂತು" ಅನ್ನೋರು. "ಒಂದೇ ಆದರೆ ಬೇಡ, ಪರೀಕ್ಷೆ ಮುಗಿಸಿಕೊಂಡೇ ಬಾರಪ್ಪ" ಅನ್ನುತ್ತಿದ್ದೆ. ಕೆಲವರಿಗೆ ಬೇಸರವಾಗಿದ್ದಿರಬಹುದು. ಆದರೆ ನನ್ನ ಮಾತು ಇವತ್ತಿಗೂ ಅದೇ.

ಯಾಕೆ ಅಂತ ಹೇಳುವ ಮೊದಲು, ಈ ಹೆಸರನ್ನೇ ಕೇಳದವರಿಗೆ ಎರಡು ಮಾತು. ಪಿಂಕ್ ಅನ್ನುವ ಒಬ್ಬ ಮನುಷ್ಯ ಇಲ್ಲ. ಅಮೆರಿಕದ ಪಿಂಕ್ ಆ್ಯಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಹಾಡುಗಾರರ ಹೆಸರು ಜೋಡಿಸಿ ಇಟ್ಟುಕೊಂಡ ಹೆಸರು ಇದು. ತಂಡ ಕಟ್ಟಿದ್ದು 1965ರಲ್ಲಿ, ಲಂಡನ್ನಿನಲ್ಲಿ. ಬೇಸ್ ಗಿಟಾರಿನ ರೋಜರ್ ವಾಟರ್ಸ್, ಡ್ರಮ್ಸ್ ಬಾರಿಸುವ ನಿಕ್ ಮೇಸನ್, ಕೀಬೋರ್ಡಿನ ರಿಚರ್ಡ್ ರೈಟ್, ಈ ಮೂವರೂ ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಕಟ್ಟಡ ವಿನ್ಯಾಸ ಓದಲು ಸೇರಿದ್ದವರು. ನಾಲ್ಕನೆಯವನು ಸಿಡ್ ಬ್ಯಾರೆಟ್. ಕೇಂಬ್ರಿಜ್‌ನ ಹುಡುಗ. ಹಾಡು ಕಟ್ಟುವವನೂ ಆತ, ಹಾಡುವವನೂ ಆತ. ತಂಡಕ್ಕೆ ಹೆಸರಿಟ್ಟವನೂ ಆತನೇ. ಈ ಸಿಡ್‌ನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

ಇವರು ಹೆಸರಾದದ್ದು ಕಾನ್ಸೆಪ್ಟ್ ಆಲ್ಬಂಗಳಿಂದ. ಹಾಗೆಂದರೆ, ಇಡೀ ಗ್ರಾಮಫೋನ್ ತಟ್ಟೆಯ ಹಾಡುಗಳಿಗೆಲ್ಲ ಒಂದೇ ವಸ್ತು. ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪದ್ಯ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಬೆಲೆ ಬರುವುದು ಪ್ರಸಂಗದೊಳಗೆ. ಈ ತಟ್ಟೆಗಳೂ ಹಾಗೆಯೇ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಕಾಲ, ದುಡ್ಡು, ಸಾವು, ಜಗಳ, ಬುದ್ಧಿ ಕೆಡುವ ಭಯ. ಒಟ್ಟು 43 ನಿಮಿಷ. ಇದರಲ್ಲಿ ಒಂದು ಹಾಡನ್ನು ಫೋನಿನಲ್ಲಿ ಹಾಕಿ, ಅರ್ಧಕ್ಕೆ ಬೇರೆ ಯಾವುದಕ್ಕೋ ಹಾರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ದಯವಿಟ್ಟು 43 ನಿಮಿಷ ಕೂತು ಕೇಳಿ.

ಅದರಲ್ಲಿ 'ಮನಿ' ಅಂತ ಒಂದು ಹಾಡು. ಮೊದಲಿಗೆ ನಾಣ್ಯ ಸುರಿಯುವ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು ಲಯಬದ್ಧವಾಗಿ ಬರುತ್ತವೆ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಜೋಡಿಸಿದ್ದಲ್ಲ. ಒಂದೊಂದು ಸದ್ದನ್ನೂ ಟೇಪಿನ ಮೇಲೆ ಹಿಡಿದು, ಆ ಟೇಪನ್ನು ಅಡಿಪಟ್ಟಿಯಲ್ಲಿ ಅಳೆದು, ಕತ್ತರಿಸಿ, ಅಂಟಿಸಿ, ಉಂಗುರದ ಹಾಗೆ ಸುತ್ತಿಸಿದ್ದು. ಏಳು ಎಣಿಕೆ. ಕೈಯಲ್ಲಿ ತಾಳ ಹಾಕಿ ನೋಡಿ, ತಕಿಟ ತಕಧಿಮಿ, ತಕಿಟ ತಕಧಿಮಿ. ನಮ್ಮ ಮಿಶ್ರ ಛಾಪು ಅದರ ಮೇಲೆ ಸರಿಯಾಗಿ ಕೂತುಕೊಳ್ಳುತ್ತದೆ.

ಇಂಥ ವಿವರಗಳು ಬೇಕೆಂದರೆ ಜಾನ್ ಹ್ಯಾರಿಸ್ ಎಂಬ ಪತ್ರಕರ್ತರು 2005ರಲ್ಲಿ ಈ ಒಂದೇ ಆಲ್ಬಂ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಒಳ್ಳೆಯ ಪುಸ್ತಕ. ಆದರೆ ಅದೊಂದೇ ಸಾಲದು. ಒಂದು ಉದಾಹರಣೆ ಕೊಡುತ್ತೇನೆ. ಈ ಆಲ್ಬಂನಲ್ಲಿ ಸಾಹಿತ್ಯವೇ ಇಲ್ಲದ ಹಾಡೊಂದಿದೆ, 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಒಬ್ಬ ಹೆಂಗಸಿನ ದನಿ, ಅಳುವಿನ ಹಾಗೆ, ಆಲಾಪದ ಹಾಗೆ ಏರಿ ಇಳಿಯುತ್ತದೆ. ಹಾಡಿದವರು ಕ್ಲೇರ್ ಟೋರಿ. ಒಂದು ಭಾನುವಾರ ಸಂಜೆ ಬಂದು ಹಾಡಿ, 30 ಪೌಂಡ್ ತೆಗೆದುಕೊಂಡು ಹೋದರು. 1973ರ ಹೊದಿಕೆಯ ಮೇಲೆ ಸಂಗೀತ ರಚನೆ ಎಂದು ರೈಟ್ ಒಬ್ಬರದೇ ಹೆಸರು. 2004ರಲ್ಲಿ ಟೋರಿ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ರಾಜಿಯಾಯಿತು. ಆಮೇಲಿನ ಮುದ್ರಣಗಳಲ್ಲಿ ಅವರ ಹೆಸರೂ ಬರುತ್ತಿದೆ. ಈಗ ನೀವು 1991ರ ಪುಸ್ತಕವೊಂದನ್ನು ಓದಿ ಮುಗಿಸಿದಿರಿ ಅನ್ನಿ. ಆ ಹೆಣ್ಣುಮಗಳಿಗೆ ಸಿಕ್ಕಿದ ನ್ಯಾಯ ನಿಮಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಹಳೆಯದೊಂದು ಓದಿ, ಹೊಸದೊಂದು ಓದಿ.

1991ರದು ಎಂದೆನಲ್ಲ, ಅದು ಅಮೆರಿಕದ ನಿಕೋಲಸ್ ಶಾಫ್ನರ್ ಬರೆದ 'ಸಾಸರ್‌ಫುಲ್ ಆಫ್ ಸೀಕ್ರೆಟ್ಸ್'. ಪುಸ್ತಕ ಬಂದ ವರ್ಷವೇ ಅವರು ತೀರಿಕೊಂಡರು, ನಲವತ್ತು ಕೂಡ ದಾಟಿರಲಿಲ್ಲ. ಹಾಗೆಂದು ಅದನ್ನು ಹಳತಾಯಿತು ಎಂದು ಬದಿಗಿಡಬೇಡಿ. ತಂಡ ಒಡೆದು, ವಾಟರ್ಸ್ ಒಂದು ಕಡೆ, ಉಳಿದವರು ಒಂದು ಕಡೆ ಆಗಿದ್ದ ಕಾಲದ ಬಿಸಿ ಆ ಪುಟಗಳಲ್ಲಿ ಇನ್ನೂ ಆರಿಲ್ಲ. ಅದರ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದದ್ದು ನಿಕ್ ಮೇಸನ್ 2004ರಲ್ಲಿ ತಾವೇ ಬರೆದ 'ಇನ್‌ಸೈಡ್ ಔಟ್'. ಮೊದಲಿನಿಂದ ಕೊನೆಯವರೆಗೆ ತಂಡದ ಎಲ್ಲ ಆಲ್ಬಂಗಳಲ್ಲೂ ಇರುವವರು ಮೇಸನ್ ಒಬ್ಬರೇ. ನನ್ನ ಪ್ರತಿಯ ಬೆನ್ನು ಬಿಟ್ಟುಹೋಗಿ ಎರಡು ಸಲ ಹೊಲಿಸಿದ್ದೇನೆ. ಚಿತ್ರಗಳ ನಡುವೆ ಒಂದು ಫೋಟೋ ಇದೆ. ಬೋಳು ತಲೆಯ, ದಪ್ಪ ಮೈಯ ಒಬ್ಬ ಮನುಷ್ಯ. ಅವನು ಯಾರು ಅಂತ ಹೇಳುತ್ತೇನೆ.

2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ನಾನೂ ಹೋಗಿದ್ದೆ. 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಶುರುವಾಯಿತು. ಪಕ್ಕದಲ್ಲಿದ್ದ ಹುಡುಗನಿಗೆ ಅಕ್ಷರಕ್ಷರವೂ ಬಾಯಿಗೆ ಬರುತ್ತಿತ್ತು. ಹಾಡು ಮುಗಿದ ಮೇಲೆ ನನ್ನನ್ನು ಕೇಳಿದ, "ಅಂಕಲ್, ಇದು ಯಾವ ಹುಡುಗಿ ಮೇಲೆ ಬರೆದಿದ್ದು?" ಆ ಗದ್ದಲದಲ್ಲಿ ಅವನ ಕಿವಿಗೆ ಬಾಯಿಟ್ಟು, "ಹುಡುಗಿ ಅಲ್ಲಪ್ಪ, ಗೆಳೆಯ" ಎಂದೆ. ಪೂರ್ತಿ ಕಥೆ ಹೇಳಲು ಅವತ್ತು ಆಗಲಿಲ್ಲ. ಇವತ್ತು ಹೇಳುತ್ತೇನೆ.

ಸಿಡ್ ಬ್ಯಾರೆಟ್ 1967ರಲ್ಲಿ ಮೊದಲ ಆಲ್ಬಂನ ಹೆಚ್ಚಿನ ಹಾಡುಗಳನ್ನು ಬರೆದ. ಅದೇ ವರ್ಷ ಅವನ ಮನಸ್ಸು ಹದ ತಪ್ಪಿತು. ಮಾದಕ ವಸ್ತುಗಳ ಪಾಲೂ ಅದರಲ್ಲಿತ್ತು. ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದ. ಡೇವಿಡ್ ಗಿಲ್ಮೋರ್ ಎಂಬ ಗೆಳೆಯನನ್ನು ಗಿಟಾರಿಗೆ ಸೇರಿಸಿಕೊಂಡರು. 1968ರ ಜನವರಿಯಲ್ಲಿ ಒಂದು ದಿನ ಕಾರಿನಲ್ಲಿ ಸೌತ್‌ಹ್ಯಾಂಪ್ಟನ್ ಊರಿಗೆ ಕಾರ್ಯಕ್ರಮಕ್ಕೆ ಹೊರಟಿದ್ದಾರೆ. ಸಿಡ್‌ನನ್ನು ಹತ್ತಿಸಿಕೊಳ್ಳೋಣವಾ ಎಂದು ಒಬ್ಬರು ಕೇಳಿದರಂತೆ. ಬಿಡು, ಬೇಡ ಎಂದರಂತೆ ಇನ್ನೊಬ್ಬರು. ಅಷ್ಟೇ. ಕಾರು ಅವನ ಮನೆ ಕಡೆ ತಿರುಗಲಿಲ್ಲ.

ಏಳು ವರ್ಷ ಕಳೆಯಿತು. 1975ರ ಜೂನ್ 5. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋ. ಅಷ್ಟರಲ್ಲಿ ಇವರು ಜಗತ್ಪ್ರಸಿದ್ಧರು. 'ವಿಶ್ ಯು ವರ್ ಹಿಯರ್' ಆಲ್ಬಂನ ಕೆಲಸ ನಡೆಯುತ್ತಿದೆ. ಆಲ್ಬಂನ ಹೆಚ್ಚಿನ ಭಾಗ ಇಲ್ಲದವನ ಬಗ್ಗೆ. ಅದರ ಮುಖ್ಯ ಹಾಡು, 'ಶೈನ್ ಆನ್', ನೇರವಾಗಿ ಸಿಡ್‌ನ ಬಗ್ಗೆಯೇ. ಒಂಬತ್ತು ಭಾಗಗಳ ಹಾಡು. ಅದನ್ನೇ ಅಂದು ಸರಿಪಡಿಸುತ್ತಾ ಕೂತಿದ್ದಾರೆ. ಮೇಸನ್ ಧ್ವನಿಮುದ್ರಣದ ಕೋಣೆಯಿಂದ ಯಂತ್ರಗಳ ಕೋಣೆಗೆ ಬರುತ್ತಾರೆ. ಅಲ್ಲಿ ಒಬ್ಬ ಅಪರಿಚಿತ. ತಲೆ ಬೋಳು, ದಪ್ಪ ದೇಹ, ಮಾಸಿದ ಹಳೇ ಕಂದು ಮಳೆಕೋಟು, ಕೈಯಲ್ಲಿ ಅಂಗಡಿ ಸಾಮಾನಿನ ಪ್ಲಾಸ್ಟಿಕ್ ಚೀಲ. ಮುಖದಲ್ಲಿ ಸೌಮ್ಯವಾದ, ಆದರೆ ಖಾಲಿ ಖಾಲಿ ನೋಟ. ಯಾರೋ ಎಂಜಿನಿಯರ್ ಕಡೆಯವರಿರಬೇಕು ಎಂದುಕೊಂಡು ಮೇಸನ್ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಗಿಲ್ಮೋರ್ ಕೇಳಿದರು, ಇವನು ಯಾರು ಗೊತ್ತಾಯಿತಾ? ಗೊತ್ತಾಗಲಿಲ್ಲ. ಗಿಲ್ಮೋರ್ ಹೆಸರು ಹೇಳಬೇಕಾಯಿತು. ಸಿಡ್.

ಇದು ಮೇಸನ್ ಪುಸ್ತಕದಲ್ಲಿರುವುದು. ಓದುವಾಗ ಮಳೆಕೋಟು, ಚೀಲ ಎರಡೂ ಕಣ್ಣಿಗೆ ಕಟ್ಟುತ್ತವೆ. ಹಾಗಾದರೆ ನಡೆದದ್ದು ಇಷ್ಟೇ ಎಂದು ನಂಬಿ ಪುಸ್ತಕ ಮುಚ್ಚಿಬಿಡುತ್ತೇವೆ. ಮುಚ್ಚಬೇಡಿ, ಎರಡನೆಯದನ್ನು ತೆಗೆಯಿರಿ. ರೈಟ್ ನೆನಪಿನಲ್ಲಿ ಮಳೆಕೋಟಿಗಿಂತ ದೊಡ್ಡದಾಗಿ ಉಳಿದದ್ದು ಹಲ್ಲುಜ್ಜುವ ಬ್ರಷ್ಷು. ಆ ಮನುಷ್ಯ ಎದ್ದು ನಿಲ್ಲುವುದು, ಹಲ್ಲುಜ್ಜುವುದು, ಬ್ರಷ್ ಒಳಗಿಡುವುದು, ಕೂರುವುದು. ರೈಟ್ ಅವನನ್ನು ವಾಟರ್ಸ್ ಸ್ನೇಹಿತ ಅಂದುಕೊಂಡಿದ್ದರು. ಇನ್ನೊಂದು ಕಡೆ ಹುಬ್ಬು ಕೂಡ ಬೋಳಿಸಿಕೊಂಡಿದ್ದ ಅನ್ನುತ್ತಾರೆ. ಇಷ್ಟು ಹೇಗೆ ದಪ್ಪಗಾದೆ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ದೊಡ್ಡ ಫ್ರಿಜ್ ಇದೆ, ಹಂದಿಮಾಂಸ ತುಂಬಾ ತಿನ್ನುತ್ತಿದ್ದೇನೆ ಎಂದನಂತೆ. ಗೆಳೆಯರು ಅತ್ತುಬಿಟ್ಟರು ಎಂದು ಬರೆದವರಿದ್ದಾರೆ. ಅಂದೇ ಗಿಲ್ಮೋರ್ ಮದುವೆಯ ಊಟವೂ ಅಲ್ಲೇ ಇತ್ತು, ಸಿಡ್ ಅದಕ್ಕೂ ಕೂತಿದ್ದ ಎಂದು ಬರೆದವರೂ ಇದ್ದಾರೆ. ಆದರೆ ಮದುವೆ ನೋಂದಣಿಯ ದಿನ ನೋಡಿದರೆ ಜುಲೈ 7! ಒಂದು ತಿಂಗಳ ವ್ಯತ್ಯಾಸ.

ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಪ್ರೀತಿಸಿದ ಗೆಳೆಯನನ್ನು ಎದುರಿಗಿದ್ದಾಗಲೂ ಗುರುತು ಹಿಡಿಯಲಾಗದೆ ಹೋಯಿತಲ್ಲ, ಆ ಪೆಟ್ಟನ್ನು ಒಬ್ಬೊಬ್ಬರು ಒಂದೊಂದು ವಸ್ತುವಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಾರೆ. ಒಬ್ಬರಿಗೆ ಪ್ಲಾಸ್ಟಿಕ್ ಚೀಲ, ಒಬ್ಬರಿಗೆ ಬ್ರಷ್ಷು. ಒಂದೇ ಪುಸ್ತಕ ಓದಿದವರಿಗೆ ಒಂದೇ ವಸ್ತು ಸಿಗುತ್ತದೆ. ಎರಡು ಓದಿದವರಿಗೆ ಆ ಕೋಣೆ ಕಾಣುತ್ತದೆ, ಅದರೊಳಗಿನ ಮೌನ ಕೇಳಿಸುತ್ತದೆ. ಫೋನಿನಲ್ಲಿ ಎಲ್ಲ ಸಿಗುತ್ತದೆ ಸಾರ್ ಅನ್ನುವವರಿಗೆ ನಾನು ಹೇಳುವುದೂ ಇದನ್ನೇ. ಫೋನಿನಲ್ಲಿ ನಿಮಗೆ ಸಿಗುವುದು ಜೂನ್ 5 ಎಂಬ ತಾರೀಕು.

ಇದರಲ್ಲೇ ಸಮಯ ಬಹಳ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಮಾರ್ಕ್ ಬ್ಲೇಕ್ ಅವರ 'ಪಿಗ್ಸ್ ಮೈಟ್ ಫ್ಲೈ', 2007ರದು. ಮೊದಲ ಸಲ ಓದುವವರಿಗೆ ಬಹಳ ಸಲೀಸು. 1977ರ 'ಆ್ಯನಿಮಲ್ಸ್' ಆಲ್ಬಂನ ಹೊದಿಕೆಗಾಗಿ ಲಂಡನ್ನಿನ ವಿದ್ಯುತ್ ಸ್ಥಾವರವೊಂದರ ಚಿಮಣಿಗಳ ನಡುವೆ ಗಾಳಿ ತುಂಬಿದ ದೊಡ್ಡ ಹಂದಿಯೊಂದನ್ನು ಹಾರಿಸಿದ್ದರು. 1976ರ ಡಿಸೆಂಬರ್‌ನಲ್ಲಿ ಅದು ಹಗ್ಗ ಕಿತ್ತುಕೊಂಡು, ವಿಮಾನಗಳ ದಾರಿಗೆ ಅಡ್ಡ ಹೋಗಿ, ಕೊನೆಗೆ ಕೆಂಟ್ ಪ್ರಾಂತ್ಯದ ಒಂದು ಹೊಲದಲ್ಲಿ ಇಳಿಯಿತು. ಪುಸ್ತಕದ ಹೆಸರಿನ ಹಂದಿ ಅದೇ.

'ದ ವಾಲ್', ಅಂದರೆ ಗೋಡೆ, 1979ರ ಆಲ್ಬಂ. ಅದಕ್ಕೆ ಚಿತ್ರ ಬರೆದ ಜೆರಾಲ್ಡ್ ಸ್ಕಾರ್ಫ್ ಅವರದೇ ಒಂದು ದೊಡ್ಡ ಪುಸ್ತಕವಿದೆ, 2010ರದು. ಓದುವುದಕ್ಕಿಂತ ನೋಡುವ ಪುಸ್ತಕ. ವಾಟರ್ಸ್ ಐದು ತಿಂಗಳ ಕೂಸಾಗಿದ್ದಾಗ, 1944ರಲ್ಲಿ, ಅವರ ತಂದೆ ಇಟಲಿಯ ಯುದ್ಧದಲ್ಲಿ ಸತ್ತರು. ಆ ಗೋಡೆಯ ಮೊದಲ ಇಟ್ಟಿಗೆ ಅದು. ಇಷ್ಟು ಗೊತ್ತಿಲ್ಲದೆ ಆ ಆಲ್ಬಂ ಕೇಳಿದರೆ ಬರೀ ಮೇಷ್ಟರನ್ನು ಬೈಯುವ ಹಾಡಾಗಿ ಕೇಳಿಸುತ್ತದೆ, ಹಾಗೆ ಕೇಳಬೇಡಿ.

ಸಂಗೀತ ಕಲಿತವರಿಗೆ ಕೆನಡಾದ ಫಿಲ್ ರೋಸ್ ಬರೆದ 'ವಿಚ್ ಒನ್ಸ್ ಪಿಂಕ್?', 1998. ನಿಮ್ಮಲ್ಲಿ ಪಿಂಕ್ ಯಾರಪ್ಪಾ ಅಂತ ಅರ್ಥ. 1975ರ ಆಲ್ಬಂನ ಹಾಡೊಂದರಲ್ಲಿ ಕಂಪನಿಯ ಯಜಮಾನ ಕೇಳುವ ಪ್ರಶ್ನೆ ಅದು. ಕಾನ್ಸೆಪ್ಟ್ ಆಲ್ಬಂಗಳನ್ನು ಹಾಡು ಹಾಡಾಗಿ, ಸ್ವರ ಸ್ವರವಾಗಿ ಬಿಡಿಸಿಡುತ್ತಾರೆ. ಸ್ವಲ್ಪ ಗಟ್ಟಿ ಓದು. ಮೇಸನ್ ಪುಸ್ತಕ ಆದಮೇಲೆ ಹಿಡಿಯಿರಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಇವತ್ತು ರಾತ್ರಿ ಊಟವಾದ ಮೇಲೆ 'ವಿಶ್ ಯು ವರ್ ಹಿಯರ್' ಹಾಕಿ. ಪೂರ್ತಿ ಕೇಳಿ, ನಡುವೆ ಏಳಬೇಡಿ. 'ಶೈನ್ ಆನ್' ಎರಡನೇ ಸಲ ಬಂದು, ಗಿಟಾರು ನಿಂತು, ರೈಟ್ ಅವರ ಕೀಬೋರ್ಡ್ ಮಾತ್ರ ಉಳಿಯುತ್ತದೆ. ದನಿ ಸಣ್ಣಗಾಗುತ್ತಾ ಹೋಗುತ್ತದೆ. ಆಗ ಸದ್ದು ಸ್ವಲ್ಪ ಜಾಸ್ತಿ ಮಾಡಿ. ತೀರಾ ಕೊನೆಯ ಕೆಲವೇ ಸೆಕೆಂಡುಗಳಲ್ಲಿ ರೈಟ್ ಅವರ ಬೆರಳು ಬೇರೊಂದು ಹಾಡಿನ ಒಂದು ತುಣುಕನ್ನು ಮುಟ್ಟಿ ಬಿಡುತ್ತದೆ. ಅದು 1967ರ 'ಸೀ ಎಮಿಲಿ ಪ್ಲೇ'. ಸಿಡ್ ಬರೆದ ಹಾಡು. ಎಷ್ಟೋ ವರ್ಷ ಈ ತಟ್ಟೆ ಕೇಳಿದ್ದರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮೊದಲ ಪುಸ್ತಕ ಓದಿದಾಗಲೂ ಗೊತ್ತಾಗಲಿಲ್ಲ. ಎರಡನೆಯದನ್ನು ಓದುತ್ತಿದ್ದವನು ಆ ಸಾಲಿಗೆ ಬೆರಳಿಟ್ಟು, ಪುಸ್ತಕ ಬೋರಲು ಹಾಕಿ, ಎದ್ದು ಹೋಗಿ ಮುಳ್ಳನ್ನು ತಟ್ಟೆಯ ಕೊನೆಯ ಗೆರೆಗಳ ಮೇಲೆ ಇಟ್ಟೆ. ಅಲ್ಲೇ ಇತ್ತು.

ನಮಸ್ಕಾರ.